ಪಂಡಿತಾ ರಮಾಬಾಯಿಯವರು

ಪಂಡಿತಾ ರಮಾಬಾಯಿಯವರು 1858ರಲ್ಲಿ ಸಹ್ಯಾದ್ರಿಯ ಗಂಗಾಮೂಲದ ಅರಣ್ಯದಲ್ಲಿ ಜನಿಸಿದರು. ಸ್ತ್ರೀಯರಿಗೆ ಸಂಸ್ಕೃತವು ನಿಷಿದ್ಧವೆನಿಸಿದ್ದ ಆ ಕಾಲದಲ್ಲಿ ತಂದೆ ಅನಂತಶಾಸ್ತ್ರಿಗಳು ಪತ್ನಿಗೆ ವಿದ್ಯೆಯನ್ನು ಕಲಿಸಿದರು. ಆ ತಾಯಿಯಿಂದ ಮಗಳು ಕಲಿತರು. ಕ್ಷಾಮದಲ್ಲಿ ಮಾತಾಪಿತೃಗಳನ್ನು ಕಳೆದುಕೊಂಡ ಈಕೆಯು 1882ರಲ್ಲಿ ಎಳೆಯ ಮಗಳೊಡನೆ ವಿಧವೆಯಾದರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಹೊಂದಿ, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ಸ್ಥಾಪಿಸಿದರು. 1896-97ರ ಕ್ಷಾಮದಲ್ಲಿ ನೂರಾರು ನಿರ್ಗತಿಕ ಬಾಲಿಕೆಯರನ್ನು ಕೆಡಗಾಂವಿಗೆ ಕರೆತಂದು, ಅನ್ನದೊಡನೆ ಅಕ್ಷರವನ್ನೂ ಕೈಕಸುಬನ್ನೂ ಕೊಟ್ಟರು. ಸಾಮಾನ್ಯ ಸ್ತ್ರೀಯರಿಗೂ ತಿಳಿಯಲೆಂದು ಸತ್ಯವೇದವನ್ನು ಮೂಲಭಾಷೆಗಳಿಂದ ಸುಲಭ ಮರಾಠಿಗೆ ಭಾಷಾಂತರಿಸಿದರು. 1921ರಲ್ಲಿ, ಸೇವೆಯಲ್ಲಿ ಬಲಗೈಯಾಗಿದ್ದ ಮಗಳು ಮನೋರಮಾ ತೀರಿಕೊಂಡರೂ ಕೈಗೊಂಡ ಕಾರ್ಯವನ್ನು ಬಿಡದೆ, 1922ರ ಏಪ್ರಿಲ್ 5ರಂದು ಕರ್ತನಲ್ಲಿ ನಿದ್ರೆಹೊಂದಿದರು. ಈ ಶಾಲೆಯಲ್ಲಿ ಕಲಿತ ಸಹೋದರಿಯರೇ, ಪಡೆದ ವಿದ್ಯೆಯೂ ಅನುಭವಿಸಿದ ದುಃಖವೂ ದೇವರ ಕೈಯಲ್ಲಿ ಪರರಿಗೆ ಆಸರೆಯಾಗಬಲ್ಲವೆಂಬುದಕ್ಕೆ ಈ ಸಾಧ್ವಿಯ ಬಾಳೇ ಸಾಕ್ಷಿ.