ಬಿರುಕಿನಿಂದ ಪಾಠ ಕಲಿತ ಸೇತುಶಿಲ್ಪಿ: ರಾಬರ್ಟ್ ಮೈಯಾರ್

ಮಲೆನಾಡಿನಲ್ಲಿ ಹುಟ್ಟಿ ಬೆಳೆದು ಈ ನಗರಕ್ಕೆ ಬಂದು ನೆಲೆಸಿದವರು ನಮ್ಮಲ್ಲಿ ಅನೇಕರಿದ್ದೇವೆ. ಗುಡ್ಡಗಾಡಿನಲ್ಲಿ ಕಟ್ಟಡಕ್ಕೆ ಮೊದಲ ಶತ್ರು ನೀರು ಎಂಬುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ನಮ್ಮ ಮಲೆನಾಡಿನ ನೀರು ಸುರಿಯುತ್ತದೆ, ಹರಿಯುತ್ತದೆ, ಇಂಗುತ್ತದೆ; ಅಷ್ಟಕ್ಕೇ ಅದರ ಕಾಟ ಮುಗಿಯಿತು. ಯುರೋಪಿನ ಆಲ್ಪ್ಸ್ ಪರ್ವತಗಳಲ್ಲಿ ಹಾಗಲ್ಲ. ಅಲ್ಲಿ ಕಲ್ಲಿನ ಸಂದಿಗೂ ಗಾರೆಯ ರಂಧ್ರಕ್ಕೂ ಹೊಕ್ಕ ನೀರು ರಾತ್ರಿ ಹೆಪ್ಪುಗಟ್ಟಿ ನೂರಕ್ಕೆ ಒಂಬತ್ತರಷ್ಟು ಉಬ್ಬುತ್ತದೆ. ಹಗಲಿನ ಬಿಸಿಲಿಗೆ ಕರಗಿ ಇನ್ನೂ ಒಳಕ್ಕೆ ಇಳಿದು, ಮರುರಾತ್ರಿ ಮತ್ತೆ ಉಬ್ಬುತ್ತದೆ. ಗಟ್ಟಿ ಬಂಡೆಯೂ ಹೀಗೆ ಸೀಳಿಹೋಗುವ ನಾಡಿನಲ್ಲಿ, ಅಂಗೈಯಗಲ ದಪ್ಪದ ಕಾಂಕ್ರೀಟಿನಿಂದ ಕಮರಿಗಳನ್ನು ದಾಟಿಸಿದ ಒಬ್ಬ ಎಂಜಿನಿಯರರ ಬಾಳನ್ನು ಈ ರಾಜ್ಯೋತ್ಸವದ ಸಂಚಿಕೆಯಲ್ಲಿ ನಮ್ಮ ವಾಚಕರ ಮುಂದಿಡಲು ಬಯಸುತ್ತೇವೆ. ಅವರ ಹೆಸರು ರಾಬರ್ಟ್ ಮೈಯಾರ್.

ಮೈಯಾರರು 1872ರ ಫೆಬ್ರವರಿ 6ರಂದು ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಜನಿಸಿದರು. ಅವರು ತೀರ ಚಿಕ್ಕವರಿದ್ದಾಗಲೇ ತಂದೆ ತೀರಿಕೊಂಡರು, ಬೆಳೆಸಿದವರು ತಾಯಿ. 1894ರಲ್ಲಿ ಜೂರಿಕ್ಕಿನ ತಾಂತ್ರಿಕ ವಿದ್ಯಾಲಯದಿಂದ ಎಂಜಿನಿಯರಾಗಿ ಹೊರಬಂದರು. ಲೆಕ್ಕದ ಜೊತೆಗೆ ಗೆರೆ ಎಳೆದು ಬಲಗಳ ದಾರಿಯನ್ನು ಕಣ್ಣಿಗೆ ಕಾಣಿಸುವ ವಿದ್ಯೆಯನ್ನು ಅಲ್ಲಿ ವಿಲ್‌ಹೆಲ್ಮ್ ರಿಟ್ಟರ್ ಎಂಬ ಗುರುಗಳು ಕಲಿಸಿದ್ದರು. ಶಿಷ್ಯನಿಗೆ ಅದು ಜೀವಮಾನದ ಬಂಡವಾಳವಾಯಿತು.

ಆಗಿನ್ನೂ ಬೆಟ್ಟದ ನಾಡಿನಲ್ಲಿ ಸೇತುವೆ ಎಂದರೆ ಕಲ್ಲಿನ ಸೇತುವೆಯೇ. ಗ್ರೌಬುಂಡೆನ್ ಪ್ರಾಂತದ ರೈಲುಮಾರ್ಗಕ್ಕಾಗಿ 1902ರಲ್ಲಿ ಮುಗಿದ ಲಾಂಡ್‌ವಾಸರ್ ಸೇತುವೆಯನ್ನು ಇಂದಿಗೂ ಪ್ರವಾಸಿಗರು ಬೆರಗಾಗಿ ನೋಡುತ್ತಾರೆ. 65 ಮೀಟರು ಎತ್ತರ, 136 ಮೀಟರು ಉದ್ದ, ಆರು ಕಮಾನುಗಳು, ಎಲ್ಲವೂ ಕಲ್ಲಿನ ಕೆಲಸ. ಅಂಥ ಕಟ್ಟಡ ಘನವಾದದ್ದು, ನಿಜ. ಆದರೆ ಕಮಾನಿನ ಕಲ್ಲುಗಳೆಲ್ಲ ಕೂಡಿ ತಮ್ಮ ಭಾರವನ್ನು ತಾವೇ ಹೊರುವವರೆಗೆ ಕೆಳಗಿನ ಮರದ ಸಾರುವೆಯೇ ಅಷ್ಟನ್ನೂ ಹೊತ್ತು ನಿಲ್ಲಬೇಕು. ರೈಲು ಕಂಪನಿಗೆ ಆ ಖರ್ಚು ತಡೆದೀತು; ಕಣಿವೆಯಾಚೆಯ ಪುಟ್ಟ ಹಳ್ಳಿಗೆ ತಡೆದೀತೆ? ಬಡ ಹಳ್ಳಿಗೂ ಎಟುಕುವ ಸೇತುವೆ ಬೇಕಾಗಿತ್ತು. ಕಬ್ಬಿಣದ ಸರಳು ಹಾಕಿದ ಕಾಂಕ್ರೀಟು ಆಗ ಹೊಸದು. ಅದರ ಮೇಲೆ ಜನರಿಗೆ ಪೂರ್ಣ ನಂಬಿಕೆ ಇರಲಿಲ್ಲ. 1899ರಲ್ಲಿ ಜೂರಿಕ್ಕಿನಲ್ಲಿ ಮೈಯಾರರು ಕಾಂಕ್ರೀಟಿನ ಕಮಾನು ಸೇತುವೆಯೊಂದನ್ನು ರಚಿಸಿದಾಗ, ಅದು ಕಲ್ಲಿನಂತೆ ಕಾಣಬೇಕೆಂದು ಹೊರಗೆ ಕಲ್ಲಿನ ಹೊದಿಕೆ ಹಾಕಿಸಲಾಯಿತು.

ಈ ಹೊದಿಕೆಯನ್ನು ಕಳಚುವ ಅವಕಾಶ ಎರಡು ವರ್ಷಗಳಲ್ಲೇ ಒದಗಿತು. ಎಂಗಾಡಿನ್ ಕಣಿವೆಯ ಸುವೋಟ್ಸ್ ಎಂಬ ಊರಿನಲ್ಲಿ ಇನ್ ನದಿಗೆ 1901ರಲ್ಲಿ ಅವರು ಸುಮಾರು 38 ಮೀಟರು ಅಗಲಕ್ಕೆ ಒಂದೇ ಕಮಾನು ಹಾಯಿಸಿದರು. ಕಮಾನು, ಪಕ್ಕದ ಗೋಡೆ, ಮೇಲಿನ ರಸ್ತೆ ಇವು ಮೂರನ್ನೂ ಒಂದೇ ಟೊಳ್ಳು ಪೆಟ್ಟಿಗೆಯಂತೆ ಕೂಡಿಸಿ, ಎಲ್ಲವೂ ಸೇರಿ ಭಾರ ಹೊರುವಂತೆ ಮಾಡಿದರು. ಕಾಂಕ್ರೀಟಿನಲ್ಲಿ ಅಂಥ ರಚನೆಯನ್ನು ಅದಕ್ಕೆ ಮೊದಲು ಯಾರೂ ಮಾಡಿರಲಿಲ್ಲ. ಕಮಾನಿನ ಎರಡು ಬುಡಗಳಲ್ಲಿ ಒಂದೊಂದು, ನೆತ್ತಿಯಲ್ಲಿ ಒಂದು, ಹೀಗೆ ಮೂರು ಕೀಲುಗಳನ್ನಿಟ್ಟರು. ಬೇಸಗೆಯಲ್ಲಿ ಕಾಂಕ್ರೀಟು ಹಿಗ್ಗಿದಾಗ ನೆತ್ತಿ ಕೊಂಚ ಏರುತ್ತದೆ, ಚಳಿಗೆ ಕುಗ್ಗಿದಾಗ ಇಳಿಯುತ್ತದೆ. ಕೀಲುಗಳಿರುವುದರಿಂದ ಈ ಏರಿಳಿತ ಕಮಾನನ್ನು ಹಿಂಡುವುದಿಲ್ಲ.

ಎರಡೇ ವರ್ಷಗಳಲ್ಲಿ, ದಡಕ್ಕೆ ಹತ್ತಿರವಾದ ಪಕ್ಕದ ಗೋಡೆಗಳಲ್ಲಿ ಬಿರುಕು ಕಾಣಿಸಿಕೊಂಡಿತು. ಮೂವತ್ತೊಂದು ವರ್ಷದ ಎಂಜಿನಿಯರಿಗೆ ಇದು ಎಂಥ ಇಕ್ಕಟ್ಟೆಂಬುದನ್ನು ಊಹಿಸಬಹುದು. ಆಗ ತಾನೇ, 1902ರಲ್ಲಿ, ಅವರು ಸ್ವಂತ ಕಂಪನಿ ತೆರೆದಿದ್ದರು. ಸೇತುವೆ ಬೀಳುವ ಭಯವೇನೂ ಇರಲಿಲ್ಲ. ಗಾರೆ ಮೆತ್ತಿಸಿ ಸುಮ್ಮನಾಗಬಹುದಿತ್ತು. ಮೈಯಾರರು ಹಾಗೆ ಮಾಡಲಿಲ್ಲ. ಬಿರುಕನ್ನು ಪರೀಕ್ಷಿಸಿ, ಆ ಜಾಗದಲ್ಲಿ ಗೋಡೆ ಏಕೆ ಬೇಕು ಎಂದು ತಮ್ಮನ್ನೇ ಕೇಳಿಕೊಂಡರು. ಅಲ್ಲಿ ಗೋಡೆ ಭಾರ ಹೊರುತ್ತಿರಲಿಲ್ಲ. ಮಾಡುವ ಕೆಲಸವಿಲ್ಲದ ಗೋಡೆ ಒಣಗುತ್ತ, ಚಳಿಬಿಸಿಲಿಗೆ ಕುಗ್ಗಿ ಹಿಗ್ಗುತ್ತ ಬಿರಿಯುತ್ತಿತ್ತು, ಅಷ್ಟೆ.

ಉತ್ತರ 1905ರಲ್ಲಿ ಟಾವನಾಸಾ ಎಂಬಲ್ಲಿ ರೈನ್ ನದಿಯ ಮೇಲೆ ಎದ್ದು ನಿಂತಿತು. 51 ಮೀಟರು ಹಾಯುವ ಆ ಕಮಾನಿನಲ್ಲಿ ಬಿರುಕು ಬೀಳುವ ಭಾಗವೇ ಇರಲಿಲ್ಲ. ಅದನ್ನು ತ್ರಿಕೋನಾಕಾರವಾಗಿ ಕತ್ತರಿಸಿ ತೆಗೆದಿದ್ದರು. ಬುಡದಲ್ಲಿ ತೆಳ್ಳಗೆ, ನಡುವೆ ದಪ್ಪವಾಗಿ, ನೆತ್ತಿಯಲ್ಲಿ ಮತ್ತೆ ತೆಳ್ಳಗೆ ಇದ್ದ ಆ ಕಮಾನು ಕಲ್ಲಿನ ಯಾವ ಸೇತುವೆಗೂ ಹೋಲುತ್ತಿರಲಿಲ್ಲ. ಕಲ್ಲಿನ ಘನತೆಗೆ ಒಗ್ಗಿದ ಕಣ್ಣುಗಳಿಗೆ ಅದು ರುಚಿಸಲಿಲ್ಲ. ಅಂಥದೇ ಇನ್ನೊಂದು ಕೆಲಸ ದೊರೆಯಲು ಮೈಯಾರರು ಇಪ್ಪತ್ತಕ್ಕೂ ಹೆಚ್ಚು ವರ್ಷ ಕಾಯಬೇಕಾಯಿತು.

ಈ ನಡುವೆ ಬಾಳು ಬೇರೊಂದು ದಿಕ್ಕಿಗೆ ತಿರುಗಿತು. ತೊಲೆಗಳಿಲ್ಲದೆ, ಅಣಬೆಯ ಕೊಡೆಯಂತೆ ಅರಳಿದ ಕಂಬಗಳ ಮೇಲೆ ಚಪ್ಪಟೆ ಚಾವಣಿ ನಿಲ್ಲಿಸುವ ವಿಧಾನವನ್ನು ಅವರು ಪ್ರಯೋಗ ಮಾಡಿ ಸಾಧಿಸಿದ್ದರು. 1910ರಲ್ಲಿ ಜೂರಿಕ್ಕಿನಲ್ಲಿ ಹಾಗೆ ಒಂದು ಉಗ್ರಾಣವೂ ಎದ್ದಿತ್ತು. ಆ ಹೆಸರಿನ ಬೆನ್ನಲ್ಲೇ ರಷ್ಯಾದಿಂದ ಕೆಲಸ ಬಂದಿತು. 1914ರ ಬೇಸಗೆಯಲ್ಲಿ ಮಡದಿ ಮರಿಯಾ ಹಾಗೂ ಮೂವರು ಮಕ್ಕಳೊಡನೆ ಅಲ್ಲಿದ್ದಾಗ ಮಹಾಯುದ್ಧ ಸಿಡಿದು, ಹಿಂತಿರುಗುವ ದಾರಿ ಮುಚ್ಚಿತು. ಮೈಯಾರರು ಖಾರ್ಕೋವಿನಲ್ಲಿ ದೊಡ್ಡ ಕಾರ್ಖಾನೆಗಳನ್ನು ಕಟ್ಟಿದರು, ಹಣವನ್ನೂ ಗಳಿಸಿದರು. 1916ರಲ್ಲಿ ಮಡದಿ ಆ ಪರನಾಡಿನಲ್ಲೇ ಕಣ್ಮುಚ್ಚಿದರು. ಮರುವರ್ಷದ ಕ್ರಾಂತಿಯಲ್ಲಿ ಗಳಿಸಿದ್ದೆಲ್ಲ ಹೋಯಿತು. ತಾಯಿಯಿಲ್ಲದ ಮಕ್ಕಳೊಡನೆ ಸ್ವದೇಶಕ್ಕೆ ಮರಳಿದಾಗ ಅವರಿಗೆ ನಲವತ್ತಾರು ವರ್ಷ; ಕೈ ಬರಿದು, ತಲೆಯ ಮೇಲೆ ಸಾಲ. ಜಿನೀವಾದಲ್ಲಿ ಒಂದು ಸಣ್ಣ ಕಚೇರಿ ತೆರೆದು ಮೊದಲಿನಿಂದ ಆರಂಭಿಸಿದರು. ಈಗ ಅವರು ಕಂಪನಿಯ ಯಜಮಾನರಲ್ಲ, ನಕ್ಷೆ ಬರೆದುಕೊಟ್ಟು ಜೀವಿಸುವ ಎಂಜಿನಿಯರು ಮಾತ್ರ.

ಕಷ್ಟ ಅಲ್ಲಿಗೂ ಮುಗಿಯಲಿಲ್ಲ. 1927ರ ಸೆಪ್ಟೆಂಬರಿನಲ್ಲಿ ಗುಡ್ಡ ಜರಿದು ಬಂದ ಕಲ್ಲುಮಣ್ಣಿನ ಪ್ರವಾಹ ಟಾವನಾಸಾ ಸೇತುವೆಯನ್ನು ಕೊಚ್ಚಿಹಾಕಿತು. ಅಲ್ಲಿ ಮತ್ತೆ ಎದ್ದ ಸೇತುವೆ ಮೈಯಾರರದಲ್ಲ. ಅವರ ಅತ್ಯುತ್ತಮ ಕೃತಿ ಭೂಮಿಯ ಮೇಲಿಂದಲೇ ಅಳಿಸಿಹೋಗಿತ್ತು.

ಮರುವರ್ಷವೇ ಶೀರ್ಸ್ ಎಂಬ ಊರಿನಿಂದ ಬೆಟ್ಟದ ಮೇಲಿನ ಶೂಡರ್ಸ್ ಎಂಬ ಹಳ್ಳಿಗೆ ರಸ್ತೆ ಹಾಕಲು ಸಾಲ್ಗಿನಾ ಕಮರಿಗೆ ಸೇತುವೆ ಬೇಕಾಯಿತು. ಹತ್ತೊಂಬತ್ತು ಯೋಜನೆಗಳು ಬಂದವು. ಗುತ್ತಿಗೆದಾರ ಫ್ಲೋರಿಯನ್ ಪ್ರಾಡರರೊಡನೆ ಮೈಯಾರರು ಸಲ್ಲಿಸಿದ್ದು ಎಲ್ಲಕ್ಕಿಂತ ಅಗ್ಗದ್ದು. ಕಮಾನಿನ ಹಾಯುವಿಕೆ 90 ಮೀಟರು, ಒಟ್ಟು ಉದ್ದ ಸುಮಾರು 132 ಮೀಟರು. ರೂಪ ಟಾವನಾಸಾದ್ದೇ, ಇನ್ನಷ್ಟು ಹದಗೊಂಡದ್ದು. ಅಗ್ಗವಾದ ಗುಟ್ಟು ಕಟ್ಟುವ ಕ್ರಮದಲ್ಲಿತ್ತು. ಮೊದಲು ಕೇವಲ 20 ಸೆಂಟಿಮೀಟರು ದಪ್ಪದ ಕಮಾನಿನ ಹಲಗೆಯನ್ನು ಎರೆಯುವುದು. ಅದು ಗಟ್ಟಿಯಾದ ಮೇಲೆ ಗೋಡೆ ಮತ್ತು ರಸ್ತೆಯ ಭಾರವನ್ನು ಅದೇ ಹೊರುವುದರಿಂದ, ಸಾರುವೆ ಆ ತೆಳು ಹಲಗೆಯ ಭಾರವನ್ನಷ್ಟೇ ತಡೆದರೆ ಸಾಕು. ಆ ಮರದ ಸಾರುವೆಯನ್ನು ಕಮರಿಯಿಂದ ಎತ್ತಿ ನಿಲ್ಲಿಸಿದ ರಿಚರ್ಡ್ ಕೊರೈ ಎಂಬ ಬಡಗಿ-ಎಂಜಿನಿಯರರ ಹೆಸರನ್ನೂ ಇಲ್ಲಿ ಸ್ಮರಿಸಲೇಬೇಕು. ಹಸಿ ಕಾಂಕ್ರೀಟು ಗಟ್ಟಿಯಾಗುವ ಮೊದಲೇ ಹೆಪ್ಪುಗಟ್ಟಿದರೆ ಅದರ ಬಲವೇ ಹೋದಂತೆ. ಆದುದರಿಂದ ಬೆಟ್ಟದಲ್ಲಿ ಈ ಕೆಲಸಕ್ಕೆ ಬೇಸಗೆಯೇ ತಕ್ಕ ಕಾಲ. 1929ರಲ್ಲಿ ಕೈಹಾಕಿದ ಸೇತುವೆ 1930ರಲ್ಲಿ ಹಳ್ಳಿಗರ ಸಂಚಾರಕ್ಕೆ ತೆರೆಯಿತು.

ಆ ಬಳಿಕ 1933ರಲ್ಲಿ ಷ್ವಾಂಡ್‌ಬಾಖ್ ಹೊಳೆಗೆ, ತಿರುವು ದಾರಿಯನ್ನೇ ಹೊತ್ತು ಬಾಗಿದ ಸೇತುವೆಯನ್ನು ಕೊಟ್ಟರು. ಜೂರಿಕ್ಕಿನ 1939ರ ರಾಷ್ಟ್ರೀಯ ಪ್ರದರ್ಶನಕ್ಕೆ ಆರು ಸೆಂಟಿಮೀಟರು ದಪ್ಪದ ಕಮಾನು ಮಂಟಪವನ್ನು ನಿರ್ಮಿಸಿದರು. 1940ರ ಏಪ್ರಿಲ್ 5ರಂದು ಜಿನೀವಾದಲ್ಲಿ ತೀರಿಕೊಂಡರು. ಏಳು ವರ್ಷಗಳ ತರುವಾಯ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅವರ ಕೃತಿಗಳ ಪ್ರದರ್ಶನ ಏರ್ಪಡಿಸಿತು. 1991ರಲ್ಲಿ ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘ ಸಾಲ್ಗಿನಾ ಸೇತುವೆಯನ್ನು ಜಗತ್ತಿನ ಐತಿಹಾಸಿಕ ರಚನೆಗಳ ಸಾಲಿಗೆ ಸೇರಿಸಿತು.

ಹೊಗಳುವ ಭರದಲ್ಲಿ ಸತ್ಯವನ್ನು ಮರೆಯಬಾರದು. ನೀರೂ ಹಿಮವೂ ಸಾಲ್ಗಿನಾ ಸೇತುವೆಯನ್ನೂ ಬಿಡಲಿಲ್ಲ. ಅದರ ಕೈಪಿಡಿಗೋಡೆಗಳು ಸವೆದು, ಮೇಲ್ಮೈ ಕೆಟ್ಟು, 1997-98ರಲ್ಲಿ ದೊಡ್ಡ ದುರಸ್ತಿಯೇ ಆಗಬೇಕಾಯಿತು. ಕೈಪಿಡಿಗೋಡೆಗಳನ್ನು ಹೊಸದಾಗಿ ಕಟ್ಟಿದರು, ಕೆಟ್ಟ ಕಾಂಕ್ರೀಟನ್ನು ತೆಗೆದು ಹೊಸತನ್ನು ತುಂಬಿದರು. ರೂಪವನ್ನು ಮಾತ್ರ ಮುಟ್ಟಲಿಲ್ಲ. ಬಿರುಕು ಬಿಟ್ಟ ಸುವೋಟ್ಸಿನ ಹಳೆಯ ಸೇತುವೆಯೂ ಇಂದಿಗೂ ನಿಂತಿದೆ.

ಊರು ಬಿಟ್ಟು ಬಂದ ನಮಗೆ ಮೈಯಾರರ ಬಾಳು ಹತ್ತಿರದ್ದೆನಿಸಿದರೆ ಆಶ್ಚರ್ಯವಿಲ್ಲ. ಪರನಾಡಿನಲ್ಲಿ ಗಳಿಸುವುದೇನು, ಕಳೆದುಕೊಳ್ಳುವುದೇನು ಎಂಬುದು ನಮ್ಮ ಮನೆಗಳಿಗೂ ಗೊತ್ತಿರುವ ಸಂಗತಿ. ಸೊತ್ತು ಹೋಯಿತು, ಸಂಗಾತಿ ಹೋದರು, ಕಟ್ಟಿದ ಸೇತುವೆಯೂ ಹೋಯಿತು. ಆದರೆ ಸುವೋಟ್ಸಿನ ಬಿರುಕು ಕಲಿಸಿದ ಪಾಠ ಅವರ ತಲೆಯಲ್ಲಿತ್ತು. ಅದನ್ನು ಕ್ರಾಂತಿ ಕಸಿಯಲಿಲ್ಲ, ಪ್ರವಾಹ ಕೊಚ್ಚಲಿಲ್ಲ. ನಮ್ಮ ಮಕ್ಕಳಲ್ಲಿ ಎಂಜಿನಿಯರಾಗ ಹೊರಟವರು ಅನೇಕರಿದ್ದಾರೆ. ತಮ್ಮ ಕೆಲಸದಲ್ಲಿ ಬಿರುಕು ಕಂಡ ದಿನ ಅವರು ಅದರ ಮೇಲೆ ಗಾರೆ ಮೆತ್ತದೆ, ಹತ್ತಿರ ಹೋಗಿ ನೋಡುವವರಾಗಲಿ ಎಂಬುದೇ ನಮ್ಮ ಹಾರೈಕೆ.