ಆಟದಲ್ಲಿ ಗಳಿಸಿದ ಹೆಸರನ್ನು ಊರಿಗೆ ಒಪ್ಪಿಸಿದ ಚಕ್ ಕೂಪರ್

ಆಟ ನಿಂತೊಡನೆ ಆಟಗಾರನ ಹೆಸರೂ ಮಾಸಿಹೋಗುವುದು ಲೋಕರೂಢಿ. ಆ ಹೆಸರನ್ನು ಸಮಾಜದ ಕೆಲಸಕ್ಕೆ ಒಪ್ಪಿಸಿದವರು ವಿರಳ. ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಚಾರ್ಲ್ಸ್ ಹೆನ್ರಿ ಕೂಪರ್ ಅಂಥವರಲ್ಲೊಬ್ಬರು. ಚಕ್ ಕೂಪರ್ ಎಂದೇ ಅವರು ಜನಜನಿತರು.

ಪಿಟ್ಸ್‌ಬರ್ಗ್ ನಗರದಲ್ಲಿ 1926ರ ಸೆಪ್ಟೆಂಬರ್ 29ರಂದು ಅವರ ಜನನವಾಯಿತು. ಕಪ್ಪು ಜನಾಂಗದಲ್ಲಿ ಹುಟ್ಟಿದವರಿಗೆ ಆ ಕಾಲದಲ್ಲಿ ಹಲವೆಡೆ ಹೋಟೆಲು, ಶಾಲೆ, ಆಟದ ಮೈದಾನಗಳ ಬಾಗಿಲು ಮುಚ್ಚಿತ್ತು. ನೌಕಾಪಡೆಯಲ್ಲಿ ಸೇವೆ ಸಲ್ಲಿಸಿ ಬಂದ ಕೂಪರ್ 1946ರಲ್ಲಿ ತಮ್ಮ ಊರಿನ ಡ್ಯೂಕೇನ್ ವಿಶ್ವವಿದ್ಯಾಲಯವನ್ನು ಸೇರಿದರು.

ಅದೇ ವರ್ಷ ಡಿಸೆಂಬರಿನಲ್ಲಿ ಟೆನೆಸ್ಸೀ ವಿಶ್ವವಿದ್ಯಾಲಯದ ತಂಡ ಪಂದ್ಯಕ್ಕೆ ಬಂದಿತ್ತು. ಕಪ್ಪು ಆಟಗಾರನಿದ್ದರೆ ತಾವು ಆಡುವುದಿಲ್ಲವೆಂದು ಅವರು ಹಟ ಹಿಡಿದರು. ಕೂಪರ್ ಅವರನ್ನು ಹೊರಗಿಡುವ ಮಾತು ಕೊಡಲು ಡ್ಯೂಕೇನ್ ಒಪ್ಪಲಿಲ್ಲ. ಜನ ಬಂದು ಸೇರಿದ್ದರೂ ಪಂದ್ಯ ನಡೆಯಲಿಲ್ಲ. ಇಪ್ಪತ್ತರ ತರುಣನ ಮಾನಕ್ಕಾಗಿ ಒಂದು ಕಾಲೇಜು ತನ್ನ ಪಂದ್ಯವನ್ನೇ ಬಿಟ್ಟುಕೊಟ್ಟಿತು.

ಕೂಪರ್ ಇದ್ದ ನಾಲ್ಕು ವರ್ಷಗಳಲ್ಲಿ ಆ ತಂಡ 78 ಪಂದ್ಯಗಳನ್ನು ಗೆದ್ದು 19ರಲ್ಲಿ ಮಾತ್ರ ಸೋತಿತು. ಅವರು ಒಟ್ಟು 990 ಅಂಕ ಗಳಿಸಿ, ನಾಯಕರೂ ಆಗಿ, ದೇಶದ ಶ್ರೇಷ್ಠ ಕಾಲೇಜು ಆಟಗಾರರ ಸಾಲಿಗೆ ಸೇರಿದರು.

ವೃತ್ತಿಪರ ತಂಡಗಳ ಸಂಘವಾದ ಎನ್.ಬಿ.ಎ.ಯಲ್ಲಿ 1950ರವರೆಗೆ ಕಪ್ಪು ಜನಾಂಗದ ಒಬ್ಬ ಆಟಗಾರನೂ ಇರಲಿಲ್ಲ. ಆ ವರ್ಷದ ಏಪ್ರಿಲ್ 25ರಂದು ನಡೆದ ಆಯ್ಕೆಯಲ್ಲಿ ಬಾಸ್ಟನ್ ಸೆಲ್ಟಿಕ್ಸ್ ತಂಡದ ಒಡೆಯ ವಾಲ್ಟರ್ ಬ್ರೌನ್ ಕೂಪರ್ ಅವರನ್ನು ಆರಿಸಿದರು. ಹೀಗೆ ಆಯ್ಕೆಯಾದ ಕಪ್ಪು ಜನಾಂಗದವರಲ್ಲಿ ಅವರೇ ಮೊದಲಿಗರು. ಅರ್ಲ್ ಲಾಯ್ಡ್ ಮತ್ತು ನ್ಯಾಟ್ ಕ್ಲಿಫ್ಟನ್ ಅವರೂ ಅದೇ ವರ್ಷ ಬೇರೆ ತಂಡಗಳಿಂದ ಆಡತೊಡಗಿದರು.

ಆದರೂ ಅವಮಾನ ತಪ್ಪಲಿಲ್ಲ. ಉತ್ತರ ಕೆರೊಲಿನಾದ ರಾಲೀ ಪಟ್ಟಣದಲ್ಲಿ ತಂಡದವರು ಇಳಿದಿದ್ದ ಹೋಟೆಲಿನಲ್ಲಿ ಕೂಪರ್ ಅವರಿಗೆ ಜಾಗವಿಲ್ಲವೆಂದರು. ಅವರು ರಾತ್ರಿಯ ರೈಲು ಹಿಡಿದು ಹೊರಟಾಗ ಜೊತೆ ಆಟಗಾರ ಬಾಬ್ ಕೂಸಿ ತಾವೂ ಹೋಟೆಲು ಬಿಟ್ಟು ಅವರೊಡನೆ ನಡೆದರು.

ಆರು ವರ್ಷ ಎನ್.ಬಿ.ಎ.ಯಲ್ಲಿ ಆಡಿದ ಮೇಲೆ ಕೂಪರ್ ಹಳೆಯ ಕೀರ್ತಿಯನ್ನು ನೆನೆಯುತ್ತ ಕೂರಲಿಲ್ಲ. ಮತ್ತೆ ವಿದ್ಯಾರ್ಥಿಯಾಗಿ 1961ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಿಂದ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಪಡೆದರು. ಹುಟ್ಟೂರಿನಲ್ಲೇ ಸೇವೆಗೆ ನಿಂತರು. 1970ರಲ್ಲಿ ಪಿಟ್ಸ್‌ಬರ್ಗ್ ನಗರಾಡಳಿತದ ಉದ್ಯಾನ ಮತ್ತು ಕ್ರೀಡಾ ವಿಭಾಗದ ಮುಖ್ಯಸ್ಥರಾದರು. ಅಲ್ಲಿ ಒಂದು ಇಲಾಖೆಯ ಹೊಣೆ ಹೊತ್ತ ಕಪ್ಪು ಜನಾಂಗದ ಮೊದಲಿಗರು ಅವರೇ. ಮುಂದೆ ಪಿಟ್ಸ್‌ಬರ್ಗ್ ನ್ಯಾಷನಲ್ ಬ್ಯಾಂಕಿನಲ್ಲಿದ್ದು, ಹಿಂದುಳಿದವರಿಗೆ ಉದ್ಯೋಗಾವಕಾಶ ದೊರಕಿಸುವ ಹಾಗೂ ಬಡಾವಣೆಗಳನ್ನು ಅಭಿವೃದ್ಧಿಪಡಿಸುವ ಕಾರ್ಯಗಳನ್ನು ನೋಡಿಕೊಂಡರು.

1984ರ ಫೆಬ್ರವರಿ 5ರಂದು, 57ನೆಯ ವಯಸ್ಸಿನಲ್ಲಿ, ಕೂಪರ್ ಇಹಲೋಕ ತ್ಯಜಿಸಿದರು. 2019ರಲ್ಲಿ ಬಾಸ್ಕೆಟ್‌ಬಾಲ್ ಕೀರ್ತಿಮಂದಿರದಲ್ಲಿ ಅವರ ಹೆಸರು ಸೇರಿತು. 2021ರಲ್ಲಿ ತೆರೆದ ಡ್ಯೂಕೇನ್ ಕ್ರೀಡಾಂಗಣಕ್ಕೂ ಅವರದೇ ಹೆಸರು.

ತನಗಾಗಿ ನಾಲ್ವರು ನಿಂತದ್ದನ್ನು ಮರೆಯದೆ, ತಾನು ನಾಲ್ವರಿಗಾಗಿ ನಿಲ್ಲುವುದೇ ಋಣ ತೀರಿಸುವ ದಾರಿ. ಕೂಪರ್ ಅವರ ಬಾಳು ನಮ್ಮ ಯುವಕರಿಗೆ ಈ ಪಾಠವನ್ನು ಹೇಳುತ್ತದೆ.