ಕಲ್ಲಿಗೆ ಧಾರವಾಡದ ಹೆಸರಿಟ್ಟ ರಾಬರ್ಟ್ ಬ್ರೂಸ್ ಫೂಟ್

ನಮ್ಮ ವಿರಾಜಪೇಟೆಯ ಮಲೆತಿರಿಕೆ ಬೆಟ್ಟವನ್ನೇರಿ, ಸುತ್ತಲಿನ ಕಾಫಿ ತೋಟಗಳನ್ನೂ ಮಂಜನ್ನೂ ಕಂಡು ಹಿಗ್ಗಿದವರು ನಮ್ಮಲ್ಲಿ ಅನೇಕರು. ಆದರೆ ಕಾಲಡಿಯ ಕಲ್ಲನ್ನು ನೋಡಿದವರೆಷ್ಟು ಮಂದಿ? ನಾನಂತೂ ನೋಡಿರಲಿಲ್ಲ. ಚರಿತ್ರೆಯ ವಿದ್ಯಾರ್ಥಿಯಾದ ನನಗೆ ಫೂಟ್ ಎಂಬ ಹೆಸರು ಕಲ್ಗೊಡಲಿಯ ಮೂಲಕವಷ್ಟೇ ಪರಿಚಿತ. ತರಗತಿಯ ಪ್ರಬಂಧವೊಂದರಲ್ಲಿ ಅವರನ್ನು ಬರಿಯ ಪ್ರಾಚ್ಯವಸ್ತು ಶೋಧಕರೆಂದು ಬರೆದಿದ್ದೆ. ಗೆಳೆಯನೊಬ್ಬ ಅದು ತಪ್ಪೆಂದಾಗ ಹಟ ಹಿಡಿದು ವಾದಿಸಿದೆ; ಓದಿ ನೋಡಿದಾಗ ಸೋತೆ. ಆ ಸೋಲಿನ ಫಲವೇ ಈ ಲೇಖನ.

ಫೂಟ್ ಅವರು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮಿನಲ್ಲಿ 1834ರಲ್ಲಿ ಜನಿಸಿದರು. ಇಪ್ಪತ್ತನಾಲ್ಕರ ಹರೆಯದಲ್ಲಿ, 1858ರಲ್ಲಿ, ಭಾರತದ ಭೂಗರ್ಭ ಸಮೀಕ್ಷಾ ಇಲಾಖೆಯನ್ನು ಸೇರಿ ಮದರಾಸು ಪ್ರಾಂತ್ಯಕ್ಕೆ ಬಂದರು. 1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ ಅವರಿಗೆ ಆದಿಮಾನವನ ಕಲ್ಲಿನ ಆಯುಧ ದೊರೆಯಿತು. ಆ ಒಂದು ಕಲ್ಲು ಅವರಿಗೆ ಭಾರತೀಯ ಪ್ರಾಗಿತಿಹಾಸದ ಪಿತಾಮಹರೆಂಬ ಕೀರ್ತಿಯನ್ನು ತಂದಿತು. ಆದರೆ ಅವರ ನಿತ್ಯದ ಉದ್ಯೋಗ ಬೇರೆಯೇ ಆಗಿತ್ತು. ನೆಲದೊಳಗಣ ಶಿಲೆ ಯಾವುದು, ಯಾವುದರ ಮೇಲೆ ಯಾವುದು ಕೂತಿದೆ, ಮೊದಲು ಹುಟ್ಟಿದ್ದು ಯಾವುದು ಎಂದು ತಿಳಿದು ನಕ್ಷೆ ಬರೆಯುವುದೇ ಆ ಉದ್ಯೋಗ.

ದಕ್ಷಿಣ ಮಹಾರಾಷ್ಟ್ರ ಸೀಮೆ ಎಂದು ಆಗ ಕರೆಯುತ್ತಿದ್ದ ಪ್ರದೇಶದ, ಎಂದರೆ ಧಾರವಾಡ, ಬೆಳಗಾವಿಗಳ ಕಡೆಯ ಶಿಲೆಗಳನ್ನು ಕುರಿತ ಅವರ ದೊಡ್ಡ ಗ್ರಂಥ 1876ರಲ್ಲಿ ಪ್ರಕಟವಾಯಿತು. ಅದರಲ್ಲಿ ಅಲ್ಲಿನ ಕಪ್ಪು, ಹಸಿರು ಪದರಗಲ್ಲುಗಳನ್ನು ಅವರು ಪುರಾತನವಾದ ನೈಸ್ ಶಿಲೆಯ ಗುಂಪಿಗೇ ಸೇರಿಸಿದ್ದರು. ಆಮೇಲೆ ಬಳ್ಳಾರಿ, ಸಂಡೂರು, ಮೈಸೂರು ಸೀಮೆಗಳಲ್ಲಿ ಅಲೆದಾಗ ಅವರಿಗೆ ಬೇರೊಂದು ಸಂಗತಿ ಹೊಳೆಯಿತು. ಕಬ್ಬಿಣದ ಅದಿರಿರುವ, ಚಿನ್ನ ದೊರೆಯುವ ಈ ಪದರಗಲ್ಲುಗಳು ಬೇರೆಯೇ ಒಂದು ಕುಲ. ಇವು ನೈಸ್ ಶಿಲೆಯ ಮೇಲೆ ಹಾಸಿಕೊಂಡು, ಅನಂತರ ಮಡಿಕೆ ಬಿದ್ದು, ತಗ್ಗುಗಳಲ್ಲಿ ಪಟ್ಟಿಗಳಾಗಿ ಉಳಿದಿವೆ! ಐವತ್ತು ದಾಟಿದ ಆ ವಿದ್ವಾಂಸರು ತಮ್ಮದೇ ಗ್ರಂಥದ ಮಾತನ್ನು ತಾವೇ ತಿದ್ದಿ, 1880ರ ದಶಕದಲ್ಲಿ ಆ ಕುಲಕ್ಕೆ ಧಾರವಾಡದ ಹೆಸರನ್ನಿಟ್ಟರು. ನಮ್ಮ ಕನ್ನಡದ ಊರಿನ ಹೆಸರು ಹೀಗೆ ಲೋಕದ ಭೂವಿಜ್ಞಾನ ಗ್ರಂಥಗಳನ್ನು ಸೇರಿತು.

ಈ ಅಭಿಪ್ರಾಯ ಸುಲಭವಾಗಿ ನಿಲ್ಲಲಿಲ್ಲ. 1894ರಲ್ಲಿ ಆರಂಭವಾದ ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆಗೆ ಫೂಟ್ ಅವರೇ ಮೊದಲ ಮುಖ್ಯಸ್ಥರು. ಅವರ ತರುವಾಯ ಬಂದ ಸ್ಮೀತ್ ಅವರಾದರೋ ಧಾರವಾಡ ಶಿಲೆಗಳೇ ಎಲ್ಲಕ್ಕಿಂತ ಹಳೆಯವು, ಅವು ಬಹುಮಟ್ಟಿಗೆ ಬೆಂಕಿಯಿಂದ ಹುಟ್ಟಿದವು ಎಂದು ಸಾಧಿಸಿದರು. ಮುಂದೆ ಬಿ. ರಾಮರಾಯರಂಥವರು ಅವುಗಳಲ್ಲಿ ನೀರಿನಲ್ಲಿ ಹಾಸಿದ ಪದರಗಳು ಹೇರಳವಾಗಿರುವುದನ್ನು ಎತ್ತಿ ತೋರಿಸಿದರು. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಪೇರಿಸಿದಂತಹ ಲಾವಾ ಶಿಲೆಯಿದೆ. ಕುದಿಯುವ ಲಾವಾರಸ ನೀರಿನೊಳಗೆ ಉಕ್ಕಿದಾಗ ಅದರ ಮೈ ತಟ್ಟನೆ ಗಟ್ಟಿಯಾಗಿ, ಒಳಗಿನ ರಸ ಉಬ್ಬಿ ಈ ಆಕಾರ ಬರುತ್ತದೆ. ಎಂದರೆ, ಮಳೆಗಾಗಿ ಮುಗಿಲು ನೋಡುವ ಆ ಬಯಲುಸೀಮೆ ಒಂದು ಕಾಲಕ್ಕೆ ಕಡಲ ತಳವಾಗಿತ್ತು!

ಶಿಲೆಯ ವಯಸ್ಸನ್ನು ವಿಕಿರಣದಿಂದ ಅಳೆಯುವ ವಿದ್ಯೆ ಫೂಟ್ ಅವರ ಕಾಲದಲ್ಲಿ ಬೆಳೆದಿರಲಿಲ್ಲ. ಇಂದು ತಿಳಿದಂತೆ ಭೂಮಿಗೆ ಸುಮಾರು 454 ಕೋಟಿ ವರ್ಷ. ಹಾಸನ ಜಿಲ್ಲೆಯ ಗೊರೂರಿನ ನೈಸ್ ಶಿಲೆಗೆ ಸುಮಾರು 330 ಕೋಟಿ. ಧಾರವಾಡ ಶಿಲೆಗಳಿಗೆ ಸುಮಾರು 290ರಿಂದ 260 ಕೋಟಿ. ಕೆಲವು ಗ್ರಾನೈಟುಗಳು ಇವಕ್ಕಿಂತ ಎಳೆಯವೆಂಬುದೂ ನಿಜ. ಆದರೂ ಕೆಳಗಿನದು ಹಳೆಯದು, ಮೇಲಿನದು ಹೊಸದು ಎಂಬ ಫೂಟರ ಮುಖ್ಯ ತೀರ್ಮಾನ ಗೆದ್ದಿತು.

ಆದರೆ ಆ ಗೆಲುವನ್ನು ಅವರು ಕಾಣಲಿಲ್ಲ. ಕೊನೆಯ ವರ್ಷಗಳನ್ನು ಸೇಲಂ ಬಳಿಯ ಏರ್ಕಾಡಿನಲ್ಲಿ ಕಳೆದು, 1912ರ ಡಿಸೆಂಬರ್ 29ರಂದು ತೀರಿಕೊಂಡರು. ಅವರು ಕೂಡಿಸಿದ್ದ ಪ್ರಾಚೀನ ಆಯುಧಗಳ ಸಂಗ್ರಹ ಮದರಾಸಿನ ವಸ್ತುಸಂಗ್ರಹಾಲಯವನ್ನು ಸೇರಿದೆ.

ನಮ್ಮ ಕೊಡಗಿನ ಶಿಲೆಗಳೂ 300 ಕೋಟಿ ವರ್ಷ ಮೀರಿದವೆಂದು ಓದಿದ ಮೇಲೆ ಮತ್ತೆ ಮಲೆತಿರಿಕೆಗೆ ಹೋದೆ. ಈ ಬಾರಿ ನನ್ನ ಕಣ್ಣು ಮಂಜಿನ ಮೇಲಿರಲಿಲ್ಲ. ಬಾಗಿ ಕಲ್ಲನ್ನು ಮುಟ್ಟಿದೆ. ಜೊತೆಗಿದ್ದ ಗೆಳೆಯನಿಗೆ ನನ್ನ ತಪ್ಪನ್ನು ಒಪ್ಪಿಕೊಂಡೆ. ಸ್ವಂತ ಗ್ರಂಥವನ್ನೇ ತಿದ್ದಿಕೊಂಡವರ ಚರಿತೆಯನ್ನು ಓದಿದ ನನಗೆ, ಒಂದು ಪ್ರಬಂಧವನ್ನು ತಿದ್ದಿಕೊಳ್ಳುವುದು ಕಷ್ಟವಾಗಬಾರದಷ್ಟೆ!